ಚನ್ನಪಟ್ಟಣದಲ್ಲಿ ಕಟ್ಟಿದ ಮಸಾಯಿ ಹಾರ

ಕಳೆದ ತಿಂಗಳು ಅಕ್ಕನ ಮಗುವಿಗೆ ಗಿಲಕಿ ಕೊಳ್ಳಲು ಚನ್ನಪಟ್ಟಣದ ಅಂಗಡಿಯೊಂದರಲ್ಲಿ ನಿಂತಿದ್ದೆ. ಹಿಂದಿನ ಕೋಣೆಯಲ್ಲಿ ಯಾರೋ ಲೇತ್ ಓಡಿಸುತ್ತಿದ್ದರು. ತಿರುಗುವ ಮರಕ್ಕೆ ಒತ್ತಿದ ಅರಗು ಕರಗುವಾಗಿನ ಬಿಸಿ ವಾಸನೆ ಬಂತು. ಬೇಕಾದದ್ದನ್ನು ಹೇಳುವುದೂ ಮರೆತುಹೋಯಿತು. ನಮ್ಮ ಪಕ್ಕದ ಮನೆಯ ಟೀಚರಮ್ಮ ನೆನಪಾದರು...

ಬೆಂಗಳೂರು–ಮೈಸೂರು ರಸ್ತೆಯನ್ನು ಅಗಲ ಮಾಡುತ್ತಿದ್ದ ವರ್ಷಗಳವು. ಆರನೇ ತರಗತಿಗೆ ಸೇರಿದ ಹೊಸತರಲ್ಲಿ ಜಲ್ಲಿ ಲಾರಿಯೊಂದು ನನ್ನ ಸೈಕಲ್ಲಿಗೆ ತಾಗಿ ತೊಡೆಮೂಳೆ ಮುರಿಯಿತು. ಆಪರೇಷನ್ ಆಯಿತು, ರಾಡು ಹಾಕಿದರು, ಕೀವಾಯಿತೆಂದು ಮತ್ತೆ ತೆಗೆದರು. ಈ ವರ್ಷ ಸ್ಕೂಲಿನ ಮಾತು ಬಿಡಿ ಎಂದರು ಡಾಕ್ಟರು. ನಾನು ಗೋಡೆ ಕಡೆ ಮುಖ ಮಾಡಿಕೊಂಡು ಮಲಗಿದೆ. ಯಾರೊಂದಿಗೂ ಮಾತು ಬೇಡವಾಗಿತ್ತು.

ಟೀಚರಮ್ಮ ಗಂಡನ ಜೊತೆ ಬಹಳ ವರ್ಷ ಕೀನ್ಯಾದಲ್ಲಿ ಪಾಠ ಹೇಳಿದವರು. ಗಂಡ ಅಲ್ಲೇ ತೀರಿಕೊಂಡ ಮೇಲೆ ತವರಿನ ಮನೆಗೆ ಬಂದು ಒಬ್ಬರೇ ಇದ್ದರು. ಯಾರೂ ಕರೆಯದೆ ಒಂದು ದಿನ ಬಂದು ನನ್ನ ಮಂಚದ ಪಕ್ಕ ಕುಳಿತರು.

"ನಾಳೆಯಿಂದ ಬತ್ತೀನಿ. ಇವಳ ಒಂದ್ ವರ್ಸ ಹಾಳಾಗಕ್ಕೆ ಬುಡಲ್ಲ," ಎಂದು ಅಮ್ಮನಿಗೆ ಹೇಳಿದರು.

ಬಂದರು. ನಾನು ಉತ್ತರ ಕೊಡದಿದ್ದರೂ ಪಾಠ ನಿಲ್ಲಿಸಲಿಲ್ಲ. ಕೊನೆಗೊಂದು ಮಧ್ಯಾಹ್ನ ಒಂದು ಫೋಟೋ ತಂದು ನನ್ನ ಎದೆಯ ಮೇಲಿಟ್ಟರು. ತಲೆ ಬೋಳಿಸಿಕೊಂಡ ಎತ್ತರದ ಹೆಂಗಸು. ಕತ್ತಿನ ಸುತ್ತ ತಟ್ಟೆಯಷ್ಟು ಅಗಲದ, ಮಣಿಗಳ ಹಾರ. ಮಸಾಯಿ ಜನ, ದನ ಸಾಕುವವರು ಎಂದರು. ಟೀಚರಮ್ಮನ ಶಿಷ್ಯೆಯೊಬ್ಬಳ ತಾಯಿಯಂತೆ. ಕೆಂಪು ಧೈರ್ಯಕ್ಕೆ, ಬಿಳಿ ಹಾಲಿಗೆ, ನೀಲಿ ಮಳೆ ಕೊಡುವ ಆಕಾಶಕ್ಕೆ, ಹಸಿರು ಹುಲ್ಲಿಗೆ... ನಾನು ಮೊದಲ ಸಲ ಪ್ರಶ್ನೆ ಕೇಳಿದೆ: ಅಷ್ಟು ಮಣಿ ಅವರಿಗೆ ಎಲ್ಲಿಂದ ಬಂತು? ಗಾಜಿನ ಮಣಿ ಹಡಗಿನಲ್ಲಿ ಬರುವ ಮೊದಲು ಬೀಜ, ಮೂಳೆ, ಮರವನ್ನೇ ಪೋಣಿಸುತ್ತಿದ್ದರು ಎಂದರು. ಹಾಗಾದರೆ ನಾವೂ ಮಾಡಬಹುದಲ್ಲ ಎಂದು ನನ್ನ ಬಾಯಿಂದಲೇ ಬಂತು.

ಅಪ್ಪ ಬೊಂಬೆ ಮಾಡುತ್ತಿದ್ದವರು. ಪ್ಲಾಸ್ಟಿಕ್ಕಿನ ಸಾಮಾನು ಬಂದು ಕೆಲಸ ಕಡಿಮೆಯಾದ ಮೇಲೆ ಬಿಡದಿಯ ಫ್ಯಾಕ್ಟರಿಗೆ ಸೇರಿದ್ದರು. ಲೇತಿನ ಮೇಲೆ ಗೋಣಿಚೀಲ ಹೊದಿಸಿಟ್ಟಿದ್ದರು. ಮರದ ಮಣಿ ಮಾಡಿಕೊಡಿ ಎಂದು ಟೀಚರಮ್ಮ ಆ ಸಂಜೆಯೇ ಅವರನ್ನು ಕೇಳಿದರು.

"ಇನ್ನು ಅದ ಮುಟ್ಟಬಾರ್ದು ಅಂದ್ಕಂಡಿದ್ದೆ ಮೇಡಮ್ಮ," ಎಂದರು ಅಪ್ಪ.

"ನಿಮ್ಮ ಮಗಳು ಇವತ್ತು ಬಾಯ್ಬಿಟ್ಟು ಒಂದು ಕೇಳವಳೆ. ಅದೂ ಬ್ಯಾಡ ಅಂತೀರಾ?"

ಆ ಭಾನುವಾರ ಲೇತ್ ಓಡಿತು. ಅಪ್ಪ ಸಾಸಿವೆಗಿಂತ ಒಸಿ ದಪ್ಪ ಎಂದು ನಗುತ್ತಾ, ಬಟಾಣಿಗಿಂತ ಚಿಕ್ಕ ಮಣಿಗಳನ್ನು ತೆಗೆದು ಅರಗಿನ ಬಣ್ಣ ಹಚ್ಚಿ ಮೊರದಲ್ಲಿ ಸುರಿದರು.

ಟೀಚರಮ್ಮನ ಕೈ ಆಗಲೇ ನಡುಗುತ್ತಿತ್ತು. ಲೋಟದ ಕಾಫಿ ತುಳುಕುತ್ತಿತ್ತು. ಪೋಣಿಸುವುದೆಲ್ಲ ನನ್ನ ಪಾಲಿಗೇ ಬಂತು. ತಂತಿಯನ್ನು ಬಳೆಯಂತೆ ಬಗ್ಗಿಸಿ, ಒಂದರ ಹೊರಗೆ ಇನ್ನೊಂದು ಸುತ್ತು. ಸುತ್ತಳತೆಯ ಲೆಕ್ಕ ಅಲ್ಲೇ ಕಲಿತೆ. ಭೂಪಟದಲ್ಲಿ ಕೀನ್ಯಾ ಹುಡುಕಿದೆ, ಗಾಜು ತಂದ ಹಡಗುಗಳ ದಾರಿ ಗುರುತಿಸಿದೆ. ಅರ್ಧ ಮುಗಿದಾಗ ಹಾರ ಕೊಡೆಯ ಹಾಗೆ ಎದ್ದು ನಿಂತಿತು, ಚಪ್ಪಟೆ ಕೂರಲೇ ಇಲ್ಲ. ಅಳು ಬಂತು. ಟೀಚರಮ್ಮ ಸಮಾಧಾನ ಮಾಡಲಿಲ್ಲ. ಕಟಿಂಗ್ ಪ್ಲೇಯರ್ ಕೈಗೆ ಕೊಟ್ಟು, "ಬಿಚ್ಚು. ಹೊರಗಿನ ಸುತ್ತಿಗೆ ತಂತಿ ಸಾಲ್ದು, ನೀನೇ ಲೆಕ್ಕ ಹಾಕು," ಎಂದರು. ಬಿಚ್ಚಿದೆ. ಅಪ್ಪ ಚಪ್ಪಲಿ ಹೊಲಿಯುವವರಿಂದ ತೊಗಲಿನ ಪಟ್ಟಿ ತಂದು ತೂತು ಹೊಡೆದುಕೊಟ್ಟರು. ಸುತ್ತುಗಳನ್ನು ಅದು ಹಿಡಿದು ನಿಲ್ಲಿಸಿತು. ಹಾರ ಚಪ್ಪಟೆಯಾಗಿ ಕುಳಿತ ದಿನ ಟೀಚರಮ್ಮ ತಮ್ಮ ಕತ್ತಿಗೇ ಹಾಕಿಸಿಕೊಂಡು ಕನ್ನಡಿ ಮುಂದೆ ನಿಂತರು.

ಪರೀಕ್ಷೆ ಹತ್ತಿರ ಬಂದಾಗ, ಹಾಜರಿ ಇಲ್ಲದೆ ಕೂರಿಸಲಾಗದು ಎಂದು ಸ್ಕೂಲಿನವರು ಹೇಳಿಕಳಿಸಿದರು. ಟೀಚರಮ್ಮ ನನ್ನನ್ನು ಆಟೋದಲ್ಲಿ ಕೂರಿಸಿಕೊಂಡು ಹೋದರು. ಊರುಗೋಲು ಊರಿಕೊಂಡು ಒಳಗೆ ಹೋದೆ. ಅವರು ಹಾರವನ್ನು ಹೆಡ್‌ಮಾಸ್ಟರ ಮೇಜಿನ ಮೇಲಿಟ್ಟರು.

"ಹಾಜರಿ ಇಲ್ಲ, ಒಪ್ತೀನಿ. ಪಾಠ ಇಲ್ಲ ಅನ್ಬೇಡಿ. ಏನ್ ಬೇಕೋ ಇವಳನ್ನೇ ಕೇಳಿ."

ಹೆಡ್‌ಮಾಸ್ಟರು ಮೊದಲು ಹಾರದ ಬಗ್ಗೆ, ಆಮೇಲೆ ಗಣಿತ, ಸಮಾಜ, ವಿಜ್ಞಾನ ಎಂದು ಕೇಳುತ್ತಲೇ ಹೋದರು. ನಾನು ಹೇಳುತ್ತಲೇ ಹೋದೆ. ಟೀಚರಮ್ಮ ಒಂದು ಮಾತಿಗೂ ನೆರವಾಗಲಿಲ್ಲ. ಕಿಟಕಿಯಾಚೆ ನೋಡುತ್ತಾ ನಡುಗುವ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಕುಳಿತಿದ್ದರು. ಮೇಲಿನವರ ಹತ್ತಿರ ತಾವೇ ಮಾತಾಡುವುದಾಗಿ ಹೇಳಿ ಹೆಡ್‌ಮಾಸ್ಟರು ಕೊನೆಗೆ ಒಪ್ಪಿದರು. ಪರೀಕ್ಷೆಗೆ ಕೂತೆ, ಪಾಸಾದೆ. ನನ್ನ ಜೊತೆಯವರೊಂದಿಗೇ ಏಳನೇ ತರಗತಿಗೆ ಹೋದೆ.

ಮುಂದಿನ ಎರಡು ವರ್ಷದಲ್ಲಿ ಅವರ ನಡುಕ ಕೈಯಿಂದ ಮೈಗೆಲ್ಲ ಹತ್ತಿತು. ಮೈಸೂರಿನಲ್ಲಿದ್ದ ಅವರ ತಮ್ಮ ಬಂದು ಕರೆದುಕೊಂಡು ಹೋದರು. ಕಾರು ಹತ್ತುವ ಮುಂಚೆ ನನ್ನ ಕಾಲು ನೋಡಿ, ದಿನಾ ಒಸಿ ಒಸಿ ಕೋಲು ಬಿಟ್ಟು ನಡಿ ಎಂದರು. ಆ ಬೇಸಿಗೆಯಲ್ಲೇ ತೀರಿಕೊಂಡ ಸುದ್ದಿ ಬಂತು.

ಅವರ ಮನೆಯಿದ್ದ ಕಡೆ ಈಗ ಮೂರಂತಸ್ತಿನ ಕಟ್ಟಡವಿದೆ. ಗಿಲಕಿ ಕೊಂಡ ದಿನ ಅದರ ಮುಂದೆಯೇ ನಡೆದುಕೊಂಡು ಬಸ್‌ಸ್ಟ್ಯಾಂಡಿಗೆ ಹೋದೆ, ಎರಡೂ ಕಾಲಿನ ಮೇಲೆ, ಏನನ್ನೂ ಹಿಡಿಯದೆ. ನೋಡಬೇಕಾಗಿದ್ದವರು ಅವರು.