ಗೋಡೆ ದಾಟಿದ ಮೊಳೆ

ತಾಮ್ರದ ತಂತಿ ಎಳೆದೆಳೆದು ಅವರ ಬಲಗೈ ಹೆಬ್ಬೆರಳಲ್ಲಿ ಒಂದು ಗೀರು ಬಿದ್ದುಹೋಗಿತ್ತು. ಅದರೊಳಗೆ ವಾರ್ನಿಷ್ ಕೂತು ಹಳದಿಯಾಗಿತ್ತು. ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ ನಮ್ಮ ಪಕ್ಕದ ಮನೆಯವರು. ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ಕೆಲಸ. ಬೀದಿಗೆಲ್ಲ ಅವರು ವೈಂಡಿಂಗ್‌ನವರು.

ವಯಸ್ಸಾದ ಮೇಲೆ ಆಕಾಶದ ಹುಚ್ಚು ಹಿಡಿಯಿತು. ರಾಕೆಟ್ಟು ತನ್ನ ಎಣ್ಣೆ ತಾನೇ ಹೊತ್ತು ಏರಬೇಕು, ಹೊರುವುದಕ್ಕೇ ಎಣ್ಣೆ ಖರ್ಚು ಎಂದು ಅವರಿಗೆ ಸಂಕಟ. ಹಿತ್ತಲಲ್ಲಿ ಪೈಪೊಂದನ್ನು ಓರೆಯಾಗಿ ನಿಲ್ಲಿಸಿ ಉದ್ದಕ್ಕೂ ಒಂದರ ಮುಂದೊಂದು ತಾಮ್ರದ ಸುರುಳಿ ಸುತ್ತಿದರು. ಕರೆಂಟು ಕೊಟ್ಟರೆ ಮೊದಲ ಸುರುಳಿ ಪೈಪಿನೊಳಗಿಟ್ಟ ಕಬ್ಬಿಣದ ಮೊಳೆಯನ್ನು ಎಳೆಯುತ್ತದೆ. ಮೊಳೆ ನಡುವಿಗೆ ಬಂದಕೂಡಲೇ ಕರೆಂಟು ನಿಂತು ಆ ಸುರುಳಿ ಅದನ್ನು ಬಿಡಬೇಕು, ಆಗ ಮುಂದಿನದು ಎಳೆಯುತ್ತದೆ. ಬಿಡುವುದು ತಡವಾದರೆ ಅದೇ ಸುರುಳಿ ಹಿಂದಕ್ಕೂ ಎಳೆಯುತ್ತದೆ.

“ಚಂದ್ರನ ಮೇಲೆ ಇಂಥದ್ದು ಮೈಲಿಗಟ್ಟಲೆ ಹಾಸಿದ್ರೆ ಅಕ್ಕಾ, ಬೆಂಕಿ ಬೇಡ, ಹೊಗೆ ಬೇಡ. ಅಲ್ಲಿ ಗಾಳೀನೂ ಇಲ್ಲ, ತಡೆಯೋರೇ ಇಲ್ಲ. ಸದ್ದಿಲ್ದೆ ಜಾರ್ಕೊಂಡು ಹೋಗುತ್ತೆ.”

“ಬೀಳಲ್ವಾ ಮಾರಾಯ್ರೇ?”

“ಬೀಳುತ್ತೆ. ಅದು ಬೀಳೋ ಅಷ್ಟರಲ್ಲಿ ನೆಲಾನೂ ಬಗ್ಗಿ ಕೆಳಗೆ ಹೋಗಿರುತ್ತೆ. ಸುತ್ತಾ ಬೀಳ್ತಾನೇ ಇರುತ್ತೆ, ನೆಲ ಸಿಗಲ್ಲ.”

ಸಂಜೆ ಬೆಳಕಲ್ಲಿ ಅದನ್ನು ಕೇಳುತ್ತಿದ್ದರೆ ಕೂತ ಮಣೆ ನನಗೂ ಸ್ವಲ್ಪ ತೇಲಿದ ಹಾಗಾಗುತ್ತಿತ್ತು. “ಮೊದ್ಲು ನಮ್ಮನೆ ಗ್ರೈಂಡರ್ ತಿರುಗಿಸಿಕೊಡಿ, ಆಮೇಲೆ ಚಂದ್ರ” ಎನ್ನುತ್ತಿದ್ದೆ.

ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿಯಿತು. ಶಿವಮೊಗ್ಗದ ಡಾಕ್ಟರು ಕೈಚೆಲ್ಲಿದರು. ಮೊಳೆ ಹಿತ್ತಲ ಗೋಡೆ ದಾಟಬೇಕು, ಉಳಿದದ್ದು ಅದೊಂದೇ ಆಸೆ. ದಾಟಿತೋ ಇಲ್ಲವೋ ಅವರಿಗೆ ಕಾಣುತ್ತಿರಲಿಲ್ಲ. ಹೆಂಡತಿ ಪ್ರತಿ ಸಲವೂ “ದಾಟ್ತಲ್ರೀ” ಎನ್ನುತ್ತಿದ್ದರು. ಅದಕ್ಕೇ ವೈಂಡಿಂಗ್‌ನವರು ನನ್ನನ್ನು ಕರೆದರು.

“ನೀವು ನೋಡಿ ಹೇಳಿ ಅಕ್ಕಾ. ಇವಳು ನನ್ನ ಸಮಾಧಾನಕ್ಕೆ ಹೇಳ್ತಾಳೆ.”

“ಗೋಡೆಗಿಂತ ಒಂದು ಮಾರು ಈಚೆ ಬಿತ್ತು” ಎಂದೆ.

“ಕಣ್ಣು ಕಾಣದೋರಿಗೆ ಹಾಗಂತಾರೇನ್ರೀ?” ಎಂದು ಹೆಂಡತಿ ದುರುಗುಟ್ಟಿ ನೋಡಿದರು. ಅವರು ನಗುತ್ತ, ಬೆರಳಲ್ಲೇ ತಡವಿ, ಒಂದು ಸುರುಳಿ ಬಿಚ್ಚಿ ಮತ್ತೆ ಸುತ್ತಲು ಕೂತರು.

ಮಳೆಗಾಲ ಮುಗಿಯುವವರೆಗೂ ಹೀಗೇ. ನಾನು ಈಚೆ ಎಂದಾಗಲೆಲ್ಲ ಬಿಚ್ಚಿದರು. ಒಂದು ಸಂಜೆ ಟಕ್ ಎಂದಿತು. ಮೊಳೆ ಗೋಡೆಯ ಮೇಲೆ ಹಾದು ಆಚೆಯ ಖಾಲಿ ಸೈಟಿನ ಹುಲ್ಲಿಗೆ ಹೋಯಿತು.

“ದಾಟ್ತು” ಎಂದೆ.

ನಿಜವಾ ಎಂದು ಅವರು ಕೇಳಲಿಲ್ಲ. ಕೈಯನ್ನು ಮಡಿಲಲ್ಲಿಟ್ಟುಕೊಂಡು ಮುಖ ಮೇಲೆತ್ತಿ ಬಹಳ ಹೊತ್ತು ಕೂತರು. ಅವರ ಲೆಕ್ಕದಲ್ಲಿ ಮೊಳೆ ಇನ್ನೂ ಹೋಗುತ್ತಲೇ ಇತ್ತೇನೋ. ನಾನು ಎಬ್ಬಿಸಲಿಲ್ಲ.

ಬೇಸಿಗೆಗೆ ಮುಂಚೆ ತೀರಿಕೊಂಡರು. ಇದ್ದದ್ದನ್ನು ಇದ್ದ ಹಾಗೇ ಹೇಳುವ ನನ್ನ ಬಾಯಿ ಕೆಟ್ಟದ್ದು ಎಂದು ಅತ್ತೆ ಅಂದರು, ಗಂಡ ಅಂದ, ಸೊಸೆ ಈಗಲೂ ಅನ್ನುತ್ತಾಳೆ. ಆ ಬಾಯಿ ಬೇಕೆಂದು ಕರೆದವರು ಅವರೊಬ್ಬರೇ.