ವಿಮಾನದ ಹೊಟ್ಟೆಗೆ ಬಾಗಿಲು ಕೂರಿಸಿದ ತಾತ

ಬೆಳಿಗ್ಗೆ ಡಿಶ್‌ವಾಷರ್ ಖಾಲಿ ಮಾಡಿದೆ, ಯಜಮಾನರಿಗೆ ಡಬ್ಬಿ ಕಟ್ಟಿದೆ, ಎರಡು ಲೋಡ್ ಬಟ್ಟೆ ಒಗೆದು ಮಡಚಿಟ್ಟೆ, ಕಾರಿನ ಗಾಜಿನ ಮೇಲಿನ ಹಿಮ ಕೆರೆದೆ. ಮಧ್ಯಾಹ್ನ ಹೆಸರುಬೇಳೆ ಹಾಕಿ ಮೆತ್ತಗೆ ಅನ್ನ ಮಾಡಿ ಕೆಳಗಿನ ಮನೆಗೆ ಕೊಟ್ಟುಬಂದೆ. ಅಲ್ಲಿದ್ದ ಚೀನೀ ತಾತ ಹೋದ ವಾರ ತೀರಿಕೊಂಡರು.

ಅವರನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಎಡಗೈಯ ಹೆಬ್ಬೆರಳು. ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಫ್ಯಾಕ್ಟರಿಯಲ್ಲಿ ತಗಡು ಜೋಡಿಸುವ ರಿವೆಟ್ ಮೊಳೆ ಹೊಡೆಯುವಾಗ ಆದ ಗಾಯವಂತೆ. ಮಗಳ ಜೊತೆ ಇರಲು ಅಮೆರಿಕದ ಈ ಪ್ಲೇನ್ಸ್‌ಬರೋಗೆ ಬಂದ ಹೊಸತರಲ್ಲಿ ನಮ್ಮ ಬಟ್ಟೆ ಕ್ಲಾಸೆಟ್ಟಿನ ಬಾಗಿಲು ಕಿರುಗುಟ್ಟುವುದನ್ನು ಕೇಳಿ, ತಾವೇ ಸ್ಕ್ರೂಡ್ರೈವರ್ ತಂದು ಸರಿಮಾಡಿದ್ದರು. ನನಗೆ ಚೀನೀ ಬಾರದು, ಅವರಿಗೆ ಇಂಗ್ಲಿಷ್ ಬಾರದು. "ಗುಡ್, ಗುಡ್" ಎಂಬುದೊಂದೇ ಮಾತು. ಸಾರು ಕುಡಿದರೂ ಗುಡ್, ಹಿಮ ಬಿದ್ದರೂ ಗುಡ್. ಬಾಲ್ಕನಿಯಲ್ಲಿ ಬೆಳೆದ ಬೆಳ್ಳುಳ್ಳಿ ಸೊಪ್ಪು ಕತ್ತರಿಸಿ ತಂದುಕೊಡುತ್ತಿದ್ದರು. ನಾನು ಕೊತ್ತಂಬರಿ ಕೊಡುತ್ತಿದ್ದೆ.

ಹೋದ ಚಳಿಗಾಲದ ಒಂದು ಭಾನುವಾರ ತಾತ ಮಗಳೊಡನೆ ಬಂದಾಗ ನಮ್ಮ ಯಜಮಾನರು ಟೀವಿಯಲ್ಲಿ ಚೀನಾದ ಬಾಂಬರ್ ವಿಮಾನದ ಸುದ್ದಿ ನೋಡುತ್ತಿದ್ದರು. ಹಳೆಯ ಮಾದರಿಗೆ ಹೊಸ ಎಂಜಿನ್, ರೆಕ್ಕೆಗಳ ಕೆಳಗೆ ಬಹುದೂರ ಹೋಗುವ ಕ್ಷಿಪಣಿಗಳು. ತಾತ ಟೀವಿ ಮುಂದೆ ನಿಂತೇಬಿಟ್ಟರು. ಆ ವಿಮಾನದ ಹೊಟ್ಟೆಯಲ್ಲಿ ಬಾಂಬ್ ಬೀಳಿಸಲು ತೆರೆಯುವ ಬಾಗಿಲುಗಳಿದ್ದವಲ್ಲ, ಜೀವಮಾನವಿಡೀ ಅವನ್ನು ಕೂರಿಸುವುದೇ ಅವರ ಕೆಲಸವಾಗಿತ್ತಂತೆ. ಹೊಸದರಲ್ಲಿ ಆ ಜಾಗವನ್ನು ಮುಚ್ಚಿ ಇಂಧನ ತುಂಬುತ್ತಾರೆ. ತಾತ ಏನೋ ಹೇಳಿ ನಕ್ಕರು, ನಗು ಅರ್ಧಕ್ಕೇ ನಿಂತಿತು. ಮಗಳು ನಮಗೆ ಇಂಗ್ಲಿಷಿನಲ್ಲಿ ಹೇಳಿದಳು: "ನಾನು ಕೂರಿಸಿದ ಬಾಗಿಲು ಯಾರ ತಲೆ ಮೇಲೂ ತೆರೆಯದಿರಲಿ ಅಂತ ಇದ್ದೆ, ಈಗ ನೋಡಿದರೆ ಬಾಗಿಲೇ ಬೇಡವಂತೆ ಅಂತಿದಾರೆ."

ಅದೇ ಚಳಿಗಾಲದಲ್ಲಿ ಇವರಿಗೆ ಅಮೆರಿಕದ ಸೇನೆಗೆ ಉಪಕರಣ ಮಾಡಿಕೊಡುವ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಯಾರ ಜೊತೆ ಒಡನಾಟ ಎಂದೆಲ್ಲ ವಿಚಾರಿಸಿ ಸರ್ಕಾರ ಕ್ಲಿಯರೆನ್ಸ್ ಕೊಡಬೇಕು. ಅದು ಬರದಿದ್ದರೆ ಕೆಲಸವೂ ಇಲ್ಲ. ನಾನು ಸಂತೋಷಕ್ಕೆ ತಾತನ ಮಗಳಿಗೂ ವಿಷಯ ಹೇಳಿ ಸಿಹಿ ಕೊಟ್ಟುಬಂದೆ. ಸಂಜೆ ಇವರು ತಗ್ಗಿದ ದನಿಯಲ್ಲಿ, "ತಾತ ಒಳ್ಳೆಯೋರೇ ಕಣೇ. ಆದ್ರೆ ಬ್ಯಾಕ್‌ಗ್ರೌಂಡ್ ಚೆಕ್ ಮುಗಿಯೋವರ್ಗೂ ಸ್ವಲ್ಪ ಡಿಸ್ಟೆನ್ಸ್ ಮೇಂಟೇನ್ ಮಾಡು," ಎಂದರು.

ಹೂಂ ಅಂದೆ. ಬರಬೇಡಿ ಎಂದು ಹೇಗೆ ಹೇಳುವುದು ಎಂದು ಒದ್ದಾಡುತ್ತಿರುವಾಗಲೇ ತಾತ ಬರುವುದನ್ನು ನಿಲ್ಲಿಸಿದರು. ಪಾರ್ಕಿಂಗ್ ಲಾಟಿನಲ್ಲಿ ನನ್ನನ್ನು ಕಂಡರೆ ಮೇಲ್‌ಬಾಕ್ಸ್ ಕಡೆ ತಿರುಗಿ ನಿಲ್ಲುತ್ತಿದ್ದರು. ಏನು ಬೇಸರವೋ ಎಂದು ನಾನು ಕೇಳಲಿಲ್ಲ. ನಿಜ ಹೇಳಬೇಕೆಂದರೆ, ಮನಸ್ಸು ಹಗುರವಾಗಿತ್ತು. ಕ್ಲಿಯರೆನ್ಸ್ ಬಂತು. ಆಮೇಲೂ ನಾನು ಕೆಳಗಿಳಿದು ಹೋಗಲಿಲ್ಲ.

ಇವತ್ತು ತಾತನ ಮಗಳು ಅನ್ನದ ಪಾತ್ರೆ ತೆಗೆದುಕೊಂಡು ನನ್ನನ್ನು ಒಳಗೆ ಕೂರಿಸಿದಳು. ತಾತ ಯಾಕೆ ಬರುತ್ತಿರಲಿಲ್ಲ ಎಂದು ಕೊನೆಗೂ ಕೇಳಿದೆ.

"ನೀವು ಸಿಹಿ ಕೊಟ್ಟುಹೋದ ದಿನವೇ ಅಪ್ಪ ಹೇಳಿದ್ದರು, ಆಕೆಯ ಗಂಡನದೂ ಈಗ ನನ್ನಂಥದೇ ಕೆಲಸ ಅಂತ. ಅಪ್ಪ ವಿಮಾನದ ಫ್ಯಾಕ್ಟರಿಯಲ್ಲಿದ್ದಾಗ, ಅದು ಗುಟ್ಟಿನ ಕೆಲಸ ಅಂತ, ನಮ್ಮಮ್ಮ ಸ್ವಂತ ತಂಗಿಯ ಮನೆಗೂ ಹೋಗುವ ಹಾಗಿರಲಿಲ್ಲ. ನನ್ನನ್ನು ಕಂಡು ಮುಖ ತಿರುಗಿಸಿಕೊಳ್ಳೋದು ಮೇಲಿನ ಮನೆಯಾಕೆಗೆ ಕಷ್ಟ, ನಾನೇ ತಿರುಗಿಬಿಡ್ತೀನಿ ಅಂದರು."

ಸಂಜೆ ಇವರಿಗೆ ಹೇಳಿದೆ. "ಆಗ ಬೇರೆ ದಾರಿ ಇರ್ಲಿಲ್ಲ ಕಣೇ," ಎಂದರು.

"ಆಮೇಲೆ ಇತ್ತಲ್ಲ," ಎಂದೆ.

ಚಪಾತಿ, ಹೀರೇಕಾಯಿ ಪಲ್ಯ ತಿಂದೆವು. ಇವರು ಮೊದಲು ಮಲಗಿದರು.