ಬಸ್ಸಿನಲ್ಲಿ ಬಿಟ್ಟುಕೊಟ್ಟ ಸೀಟು

ಹೋದ ವರ್ಷ ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲದಲ್ಲಿ ನಡೆದದ್ದಿದು. "ಪವಿತ್ರರಾಗಲು ಎಲ್ಲಿಗೂ ಹೋಗುವುದು ಬೇಡ, ನಿಮ್ಮ ಅಡುಗೆಮನೆ, ನಿಮ್ಮ ಬಸ್ಸು ಸಾಕು" ಎಂದು ನಮ್ಮ ಚರ್ಚಿನ ಪಾದ್ರಿಗಳು ಪ್ರವಚನದಲ್ಲಿ ಹೇಳಿದರು. ಆ ನಲವತ್ತು ದಿನಗಳಿಗೆ ಮನೆಯವರೆಲ್ಲ ಮೀನು, ಮಾಂಸ ಬಿಟ್ಟರು. ಮೀನು ಬಿಡುವುದು ನನ್ನಿಂದಾಗದ ಕೆಲಸ. ಅದರ ಬದಲು ಬಸ್ಸಿನ ಸೀಟು ಬೇರೆಯವರಿಗೆ ಬಿಡುತ್ತೇನೆಂದು ಹರಕೆ ಹೊತ್ತೆ.

ನನಗೆ ಮೆಲ್ಕಾರಿನ ಬಟ್ಟೆ ಅಂಗಡಿಯಲ್ಲಿ ಸೇಲ್ಸ್‌ಗರ್ಲ್ ಕೆಲಸ. ಇಡೀ ದಿನ ನಿಂತೇ ಇರಬೇಕು. ಸಂಜೆ ಬಿ.ಸಿ. ರೋಡಿನಲ್ಲಿ ಬಸ್ಸು ಹತ್ತಿ ಲಾಯಿಲದ ಮನೆಗೆ ಬರುವಾಗ ಸೀಟು ಬಿಡುವುದೆಂದರೆ ತಮಾಷೆಯಲ್ಲ. ಮೊದಲ ವಾರವೇ ಕಾಲುಗಳು ನನ್ನ ಭಕ್ತಿಯನ್ನು ಶಪಿಸತೊಡಗಿದವು.

ಒಂದು ಸಂಜೆ ಮುಂದೆ ಕಂಬಿ ಹಿಡಿದು ನಿಂತಿದ್ದ ಹೆಂಗಸಿನ ಹೊಟ್ಟೆ ದಪ್ಪಗೆ ಕಂಡಿತು. ಎದ್ದು ಸೀಟು ಕೊಟ್ಟೆ. ಸುಮ್ಮನಿರಲಾರದೆ, "ಎಷ್ಟು ತಿಂಗಳಾಯ್ತು ಅಕ್ಕ?" ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, "ಐದು" ಎಂದರು.

ಅವರ ಹೆಸರು ಸುಜಾತ, ಊರು ಗುರುವಾಯನಕೆರೆ. ದಿನವೂ ಅದೇ ಬಸ್ಸು. ದಿನವೂ ನಾನು ಸೀಟು ಕೊಟ್ಟು, "ಡಾಕ್ಟ್ರಲ್ಲಿ ಹೋದ್ರಾ? ಸ್ಕ್ಯಾನಿಂಗ್ ಆಯ್ತಾ?" ಎಂದು ಪೀಡಿಸುತ್ತಿದ್ದೆ. ಮನೆಯಲ್ಲಿ ಅಜ್ಜಿ ಸಂಜೆಯ ಜಪಸರದ ಪ್ರಾರ್ಥನೆಯ ಕೊನೆಗೆ 'ಬಸ್ಸಿನ ಬಸುರಿ'ಗೂ ಒಂದು ನಮೋ ಮರಿಯಾ ಸೇರಿಸಿದರು. ಅಜ್ಜಿಯ ಪಟ್ಟಿ ಮೊದಲೇ ಉದ್ದ, ನಮ್ಮ ಊಟ ಇನ್ನೂ ತಡವಾಯಿತು.

ಹಬ್ಬ ಹತ್ತಿರವಾಗುವಾಗ ಸುಜಾತಕ್ಕ ಕಾಣೆಯಾದರು. ಹೆರಿಗೆಗೆ ಇನ್ನೂ ಸಮಯವಿತ್ತಲ್ಲ ಎಂದು ನನಗೆ ಚಿಂತೆ ಹತ್ತಿತು.

ಈಸ್ಟರ್ ಕಳೆದು ಎಷ್ಟೋ ದಿನಗಳ ಮೇಲೆ ಬಸ್ಸು ಹತ್ತಿದರೆ ಅವರು ಕೂತಿದ್ದರು. ಬಡಕಲಾಗಿದ್ದರು, ಹೊಟ್ಟೆ ಇರಲಿಲ್ಲ. ಪಕ್ಕದ ಸೀಟಿನಲ್ಲಿಟ್ಟಿದ್ದ ಬ್ಯಾಗು ತೆಗೆದು, "ಬಾ, ನಿಂಗೆ ಹಿಡಿದಿಟ್ಟದ್ದು" ಎಂದರು.

"ಅಕ್ಕ, ಮಗು?"

"ಮಗು ಇರ್ಲೇ ಇಲ್ಲ ಮಾರಾಯ್ತಿ. ಗಡ್ಡೆ ಇದ್ದದ್ದು. ಹೆದರಿ ಡಾಕ್ಟ್ರಲ್ಲಿಗೇ ಹೋಗಿರ್ಲಿಲ್ಲ. ಮದುವೆಯಾಗಿ ಇಷ್ಟು ವರ್ಷಕ್ಕೆ ಎಷ್ಟು ತಿಂಗಳು ಅಂತ ಯಾರೂ ಕೇಳಿದ್ದಿಲ್ಲ. ನೀನು ಕೇಳಿದಾಗ ಆಸೆಯಾಗಿ ಸುಳ್ಳು ಹೇಳಿದೆ. ಮತ್ತೆ ನಿನ್ನ ಕಾಟ ತಡೀಲಿಕ್ಕೆ ಆಗದೆ ಡಾಕ್ಟ್ರಲ್ಲಿಗೆ ಹೋದೆ, ಆಪರೇಶನ್ ಮಾಡಿ ತೆಗೆದ್ರು. ಇನ್ನು ತಡ ಮಾಡಿದ್ರೆ ಜೀವ ಉಳೀತಿರ್ಲಿಲ್ಲ ಅಂತ ಹೇಳಿದ್ರು ಡಾಕ್ಟ್ರು."

ನನಗೆ ನಾಚಿಕೆ, ದುಃಖ, ಸಂತೋಷ ಎಲ್ಲವೂ ಒಟ್ಟಿಗೆ ಬಂತು. ಬಸ್ಸಿನಲ್ಲೇ ಅತ್ತುಬಿಟ್ಟೆ. ಅಂದು ಅವರನ್ನು ಬಿಡದೆ ಮನೆಗೆ ಕರೆತಂದೆ.

ಜಪಸರ ಮುಗಿದ ಮೇಲೆ ಕಿರಿಯರು ಕೈ ಜೋಡಿಸಿ ಹಿರಿಯರಲ್ಲಿ ಆಶೀರ್ವಾದ ಬೇಡುವುದು ನಮ್ಮ ಮನೆಗಳ ಪದ್ಧತಿ. ನಾನು ಅಜ್ಜಿಯ ಬಳಿ, ಅಪ್ಪ ಅಮ್ಮನ ಬಳಿ ಬೇಡಿದೆ. ಸುಜಾತಕ್ಕ ಮೂಲೆಯ ಕುರ್ಚಿಯಲ್ಲಿ ನೋಡುತ್ತಾ ಕೂತಿದ್ದರು. ಅಜ್ಜಿ, "ಅಕ್ಕನಲ್ಲಿ ಕೇಳುವುದು ಯಾರು?" ಎಂದು ಗದರಿದರು.

ನಾನು ಅವರ ಮುಂದೆ ಕೈ ಜೋಡಿಸಿ ತಲೆ ಬಾಗಿದೆ. ಅವರು ಗಾಬರಿಯಿಂದ, "ನನ್ನತ್ರವಾ? ನಾನು ಎಂತ ಹೇಳ್ಬೇಕು?" ಎಂದರು. "ಮಕ್ಕಳಿಗೆ ಹೇಳುವುದನ್ನೇ ಹೇಳು ಮಗಾ" ಎಂದರು ಅಜ್ಜಿ.

ಸುಜಾತಕ್ಕ ನನ್ನ ತಲೆಯ ಮೇಲೆ ಕೈ ಇಟ್ಟರು. ಬಹಳ ಹೊತ್ತು ತೆಗೆಯಲೇ ಇಲ್ಲ. ಪವಿತ್ರತೆ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಈಗಲೂ ಆ ಕೈಯ ಭಾರ ನೆನಪಾಗುತ್ತದೆ.